ಹೊಗೆ ಕಂಡ ಮೇಲೆ ಕೇಳುವ ಪ್ರಶ್ನೆ

(ಹೊಳಲಿನಲ್ಲಿ ಜರಗಿದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಕಾಡ್ಗಿಚ್ಚಿನ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ, ಜೋಳ ಮತ್ತು ಮೆಕ್ಕೆಜೋಳ ಬೆಳೆಯುವ ಈ ಬಯಲಿನ ಊರಿಗೂ ಕಾಡಿನ ಬೆಂಕಿಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರು ಆಕ್ಷೇಪಿಸಿದರಂತೆ. ಆಕ್ಷೇಪ ಸಹಜವಾದುದು. ಮಲೆನಾಡಿನವರಿಗೆ ಕಾಡು ಮನೆಯ ಹಿತ್ತಿಲಲ್ಲಿದೆ; ನಮಗೆ ಅದು ವರ್ಷಕ್ಕೊಮ್ಮೆ ಪ್ರವಾಸ ಹೋಗಿ ನೋಡಿ ಬರುವ ವಸ್ತು. ಆದರೆ ನದಿ ದಾಟಿ ಉತ್ತರಕ್ಕೆ ಹೋದರೆ ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಚಾಚಿಕೊಂಡಿರುವ ಕಪ್ಪತಗುಡ್ಡವಿದೆ. ಪೂರ್ವಕ್ಕೆ ಕೂಡ್ಲಿಗಿ ತಾಲೂಕಿನಲ್ಲಿ ಗುಡೇಕೋಟೆಯ ಕರಡಿಧಾಮವಿದೆ, ಅದರಾಚೆ ಸಂಡೂರಿನ ಬೆಟ್ಟಗಳಿವೆ. ಇವೆಲ್ಲವೂ ಒಣಕಾಡುಗಳು. ಮಳೆಗಾಲದಲ್ಲಿ ಎದೆಯೆತ್ತರ ಬೆಳೆದ ಹುಲ್ಲು ಸಂಕ್ರಾಂತಿಯ ಹೊತ್ತಿಗೆ ಒಣಗಿ ನಿಲ್ಲುತ್ತದೆ. ಅಲ್ಲಿಂದ ಮುಂಗಾರಿನ ಮೊದಲ ಮಳೆಯ ತನಕ ಆ ಗುಡ್ಡಗಳಿಗೆ ಒಂದು ಕಿಡಿ ಸಾಕು.

ಇದೇ ತಿಂಗಳುಗಳಲ್ಲಿ ನಾವೂ ಹೆಚ್ಚಾಗಿ ದಾರಿಯ ಮೇಲಿರುತ್ತೇವೆ. ಭಾರತ ಹುಣ್ಣಿಮೆಯ ಸುಮಾರಿಗೆ ಮೈಲಾರದ ಜಾತ್ರೆಗೆ ಚಕ್ಕಡಿಗಳು ಸಾಲುಗಟ್ಟಿ ಹೋಗುವುದನ್ನು ಈ ಊರಿನವರಿಗೆ ನಾನು ವರ್ಣಿಸಬೇಕಾಗಿಲ್ಲ. ಉರೂಸುಗಳು, ಮದುವೆಗಳು, ಪರೀಕ್ಷೆ ಮುಗಿದ ಮಕ್ಕಳನ್ನು ಕರೆದುಕೊಂಡು ಊಟಿಗೆ, ವಯನಾಡಿಗೆ ಹೋಗುವ ಪ್ರವಾಸಗಳು ಎಲ್ಲವೂ ಈ ಅವಧಿಯಲ್ಲೇ ನಡೆಯುತ್ತವೆ. ಬೆಂಕಿಯ ಕಾಲ ಮತ್ತು ಪ್ರಯಾಣದ ಕಾಲ ಒಂದೇ ಆಗಿರುವುದರಿಂದ ಈ ವಿಷಯ ನಮ್ಮದೂ ಹೌದು.

ಕಪ್ಪತಗುಡ್ಡದ ಇತಿಹಾಸವನ್ನು ನಿಮಗೆ ನೆನಪಿಸುವುದು ಅಗತ್ಯ. 2015ರಲ್ಲಿ ಸರಕಾರ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. 2016ರಲ್ಲಿ ಆ ಘೋಷಣೆಯನ್ನು ತಾನೇ ಹಿಂದಕ್ಕೆ ಪಡೆಯಿತು. ಗುಡ್ಡದ ಒಡಲಿನಲ್ಲಿ ಚಿನ್ನವಿದೆಯೆಂಬ ಸಂಗತಿ ಬಲ್ಲವರಿಗೆ ಇದರ ಕಾರಣವನ್ನು ಊಹಿಸುವುದು ಕಷ್ಟವಾಗಲಿಲ್ಲ. ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರು ಬೀದಿಗಿಳಿದರು; ರೈತರು, ವಿದ್ಯಾರ್ಥಿಗಳು, ಪರಿಸರ ಹೋರಾಟಗಾರರು ಅವರೊಂದಿಗೆ ಕುಳಿತರು. 2017ರಲ್ಲಿ ಸರಕಾರ ಮಣಿದು ಮೀಸಲು ಸ್ಥಾನವನ್ನು ಮರಳಿ ಕೊಟ್ಟಿತು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಸ್ವಾಮೀಜಿಯವರು ಅದನ್ನು ನೋಡಲು ಉಳಿದಿರಲಿಲ್ಲ. 2018ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಿದ್ದರು. ಗಣಿಯಿಂದ ಗುಡ್ಡವನ್ನು ರಕ್ಷಿಸಿದ ಕಥೆ ಇದು. ಬೆಂಕಿಯಿಂದ ರಕ್ಷಿಸುವ ಕಥೆ ಇನ್ನೂ ಆರಂಭವಾಗಿಲ್ಲ. ಬೇಸಿಗೆ ಬಂದರೆ ಅಲ್ಲಿ ಬೆಂಕಿಯ ಸುದ್ದಿಯೂ ಬರುತ್ತದೆ. ಪತ್ರಿಕೆಯ ಒಳಪುಟದಲ್ಲಿ ಎರಡು ಕಾಲಂ, ಕೊನೆಯಲ್ಲಿ 'ಕಿಡಿಗೇಡಿಗಳು ಬೆಂಕಿ ಹಚ್ಚಿರುವ ಶಂಕೆ' ಎಂಬ ಒಂದು ಸಾಲು. ಪತ್ರಕರ್ತನಾಗಿ ಹೇಳುತ್ತಿದ್ದೇನೆ, ಆ ಸಾಲನ್ನು ಬರೆಯಲು ಸ್ಥಳಕ್ಕೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಆ ಸಾಲಿನ ಬಗ್ಗೆಯೇ ನಾನಿಂದು ಮುಖ್ಯವಾಗಿ ಮಾತನಾಡಬೇಕೆಂದಿದ್ದೇನೆ. ಅದಕ್ಕೆ ಮೊದಲು ಬಂಡೀಪುರದ ಸಂಗತಿ ಹೇಳಬೇಕು. ನಮ್ಮ ರಾಜ್ಯದ ಜನರು ಒಂದು ಕಾಡ್ಗಿಚ್ಚನ್ನು ತುರ್ತುಸ್ಥಿತಿಯೆಂದು ಮನಗಂಡದ್ದು ಅಲ್ಲಿಯೇ.

2019ರ ಫೆಬ್ರವರಿ 21ರಂದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹೊತ್ತಿಕೊಂಡ ಬೆಂಕಿ ಐದು ದಿನಗಳ ಕಾಲ ಉರಿಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಇಳಿಜಾರುಗಳು, ಕುಂದಕೆರೆ ವಲಯ, ಊಟಿ ರಸ್ತೆಯ ಅಂಚಿನ ಕಾಡು ಕರಕಲಾದವು. ಉಪಗ್ರಹ ಚಿತ್ರಗಳ ಆಧಾರದಲ್ಲಿ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಮಾಡಿದ ಅಂದಾಜಿನಂತೆ ಸುಟ್ಟುಹೋದ ಪ್ರದೇಶ ಸುಮಾರು 4,400 ಹೆಕ್ಟೇರು, ಅಂದರೆ ಹತ್ತು ಸಾವಿರ ಎಕರೆಗೂ ಮಿಕ್ಕಿದ್ದು. ಅರಣ್ಯ ಸಿಬ್ಬಂದಿ ಹಸಿ ಸೊಪ್ಪಿನ ಕೊಂಬೆಗಳನ್ನು ಹಿಡಿದು ಜ್ವಾಲೆಯನ್ನು ಬಡಿದು ಆರಿಸುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದಲೂ ಮೈಸೂರು, ಬೆಂಗಳೂರುಗಳಿಂದಲೂ ಸ್ವಯಂಸೇವಕರು ಬಂದರು. ಕೊನೆಗೆ 25ರಂದು ವಾಯುಪಡೆಯ ಹೆಲಿಕಾಪ್ಟರುಗಳು ತಮಿಳುನಾಡಿನ ಸೂಲೂರಿನಿಂದ ಬಂದು ಮೇಲಿನಿಂದ ನೀರು ಸುರಿದವು. ಅದೇ ವಾರ ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುತ್ತಿತ್ತು. 23ರಂದು ಅದರ ವಾಹನ ನಿಲುಗಡೆಯ ಬಯಲಿನಲ್ಲಿ ಒಣಹುಲ್ಲಿಗೆ ಬೆಂಕಿ ತಗಲಿ ಸುಮಾರು ಮುನ್ನೂರು ಕಾರುಗಳು ಉರಿದುಹೋದವು. ಕಾಡಿನಲ್ಲಾಗಲಿ ನಗರದಲ್ಲಾಗಲಿ ಒಣಹುಲ್ಲಿನ ಗುಣ ಒಂದೇ. ಎಷ್ಟು ಬೇಗ ಹೆಲಿಕಾಪ್ಟರು ಸಿಗುತ್ತದೆ, ಎಷ್ಟು ಕ್ಯಾಮರಾಗಳು ಬರುತ್ತವೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಆ ದಿನಗಳಲ್ಲೊಂದು ದಿನ ನಾನು ಗೂಡಲೂರಿನ ಸ್ನೇಹಿತರೊಬ್ಬರ ಮನೆಯ ಮದುವೆಗಾಗಿ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಹೊರಟಿದ್ದೆ. ಹಂಗಳ ದಾಟುವಾಗಲೇ ಬೆಟ್ಟಗಳ ಮೇಲೆ ಹೊಗೆ ಮೋಡದಂತೆ ಕವಿದಿತ್ತು. ಮೇಲುಕಾಮನಹಳ್ಳಿಯ ತಪಾಸಣಾ ಠಾಣೆಯ ಹತ್ತಿರ ವಾಹನಗಳು ಸಾಲುಗಟ್ಟಿ ನಿಂತವು. ಮಧ್ಯಾಹ್ನದ ಸೂರ್ಯ ತಾಮ್ರದ ತಟ್ಟೆಯ ಬಣ್ಣಕ್ಕೆ ತಿರುಗಿದ್ದ. ಕಿಟಕಿಯಂಚಿನಲ್ಲಿ ಬೂದಿ ಬೀಳುತ್ತಿತ್ತು, ಕೂದಲೆಳೆಯಷ್ಟು ತೆಳ್ಳಗಿನ, ಮುಟ್ಟಿದರೆ ಕರಗುವ ಬೂದಿ. ಹಿಂದಿನ ಆಸನದ ಅಜ್ಜಿಯೊಬ್ಬರು ಉಬ್ಬಸದಿಂದ ಒದ್ದಾಡುತ್ತಿದ್ದರು. ಕೆಲವು ಯುವಕರು ಇಳಿದು ಹೊಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಚಿತ್ರ ತೆಗೆದುಕೊಂಡರು. ಚಾಲಕರು ಕೆಳಗಿಳಿದು ಗಾರ್ಡ್ ಒಬ್ಬರೊಡನೆ ಮಾತನಾಡಿ ಬಂದು, "ಗಾಳಿ ತಿರುಗೋವರೆಗೂ ಬಿಡೋದಿಲ್ಲ, ಎಲ್ಲರೂ ಕಿಟಕಿ ಮುಚ್ಚಿಕೊಂಡು ಕೂತ್ಕೊಳ್ಳಿ" ಎಂದರು. ಬಸ್ಸಿನಲ್ಲಿ ಗೊಣಗಾಟ ಎದ್ದಿತು. ಮುಹೂರ್ತದ ಚಿಂತೆ ಒಬ್ಬರಿಗೆ, ಹೋಟೆಲಿಗೆ ಮುಂಗಡ ಕೊಟ್ಟ ಹಣದ ಚಿಂತೆ ಇನ್ನೊಬ್ಬರಿಗೆ. ಆ ಚಾಲಕರು ಯಾರಿಗೂ ಮಣಿಯಲಿಲ್ಲ. ಅವರ ಹೆಸರನ್ನು ಕೇಳಿಕೊಂಡು ಬರದೇ ಇದ್ದುದಕ್ಕೆ ನನಗೆ ಇಂದಿಗೂ ಬೇಸರವಿದೆ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಹೊಗೆಗಿಂತ ಬಸ್ಸಿನೊಳಗಿನ ಮಾತು. ಬಸ್ಸು ನಿಂತು ಅರ್ಧ ಗಂಟೆಯೂ ಕಳೆದಿರಲಿಲ್ಲ, ಅಪರಾಧಿಗಳು ಪತ್ತೆಯಾಗಿಬಿಟ್ಟಿದ್ದರು! ಕಾಡುಜನರೇ ಹಚ್ಚಿದ್ದೆಂದು ಒಬ್ಬರು. ದನ ಮೇಯಿಸುವವರ ಕೆಲಸವೆಂದು ಇನ್ನೊಬ್ಬರು. ಈ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಸಂಚಾರ ನಿಷೇಧವಿದೆಯಲ್ಲ, ಅದಕ್ಕೆ ಸೇಡು ತೀರಿಸಿಕೊಳ್ಳಲು ಗಡಿಯಾಚೆಯವರು ಮಾಡಿದ್ದೆಂದು ಮೂರನೆಯವರು. ಅದಕ್ಕೆ ಸಾಕ್ಷಿ ಕೇಳಿದವರು ಯಾರೂ ಇಲ್ಲ. ಮೊಬೈಲುಗಳಲ್ಲಿ ಸುಟ್ಟು ಕರಕಲಾದ ಪ್ರಾಣಿಗಳ ಚಿತ್ರಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಆ ವಾರ ರಾಜ್ಯದಾದ್ಯಂತ ಹರಡಿದ ಇಂಥ ಹಲವು ಚಿತ್ರಗಳು ಬಂಡೀಪುರದ್ದೇ ಆಗಿರಲಿಲ್ಲ; ಬೇರೆ ದೇಶದ, ಬೇರೆ ಕಾಲದ ಚಿತ್ರಗಳೆಂದು ನಂತರ ಬಯಲಾಯಿತು. ಅವನ್ನು ನೋಡಿ ಕಣ್ಣೀರಿಟ್ಟವರ ಕನಿಕರ ನಿಜವಾದುದೇ. ಆದರೆ ಆ ಕನಿಕರ ಕ್ಷಣಾರ್ಧದಲ್ಲಿ ಯಾರದೋ ಮೇಲಿನ ಕ್ರೋಧವಾಗಿ ಮಾರ್ಪಟ್ಟಿತ್ತು.

ಸಹೋದರರೇ, ಸುದ್ದಿಯೊಂದು ಬಂದಾಗ ಅದನ್ನು ಪರಿಶೀಲಿಸದೆ ಯಾರ ಮೇಲೂ ಎರಗಬಾರದೆಂಬ ಶಿಕ್ಷಣವನ್ನು ನಾವು ಮದ್ರಸದ ಮೊದಲ ತರಗತಿಗಳಲ್ಲೇ ಕೇಳಿದವರು. ಅದನ್ನು ಕೇವಲ ಬೋಧನೆಯಾಗಿ ಕೇಳಿದವರಲ್ಲ, ಅನುಭವಿಸಿದವರೂ ಹೌದು. 2020ರ ಮಾರ್ಚ್ ಕೊನೆಯಲ್ಲಿ ದೆಹಲಿಯ ಒಂದು ಕಟ್ಟಡದಲ್ಲಿ ಸೋಂಕು ಪತ್ತೆಯಾದ ಮೇಲೆ ದೇಶದ ಉದ್ದಗಲಕ್ಕೂ ತರಕಾರಿ ಮಾರುವ ಗಾಡಿಯವನ ಹೆಸರನ್ನು ಕೇಳಿ ವ್ಯಾಪಾರ ಮಾಡುವ ಸ್ಥಿತಿ ಬಂದಿತ್ತು. ರೋಗಕ್ಕೂ ಒಂದು ಧರ್ಮವನ್ನು ಅಂಟಿಸಲಾಯಿತು. ಆಗ ನಮಗೆ ಎಷ್ಟು ನೋವಾಗಿತ್ತೆಂಬುದನ್ನು ನಾನು ಹೇಳಬೇಕಾಗಿಲ್ಲ. ಆ ನೋವನ್ನು ಬಲ್ಲವರು ಹೊಗೆ ಕಂಡ ಕೂಡಲೇ "ಕುರಿಯವರೇ ಹಚ್ಚಿರಬೇಕು", "ಸೋಲಿಗರೇ ಹಚ್ಚಿರಬೇಕು" ಎಂದು ಹೇಗೆ ಹೇಳಲು ಸಾಧ್ಯ? ಅನ್ಯಾಯಕ್ಕೊಳಗಾದವರ ಬಾಯಲ್ಲಿ ಅದೇ ಅನ್ಯಾಯದ ಭಾಷೆ ಬರುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಖೇದಕರ.

ಹಾಗಾದರೆ ಬೆಂಕಿ ತಾನಾಗಿಯೇ ಹುಟ್ಟುತ್ತದೆಯೇ ಎಂದು ಕೇಳಬಹುದು. ಇಲ್ಲ. ಬಿದಿರು ಬಿದಿರಿಗೆ ಉಜ್ಜಿ ಬೆಂಕಿ ಹುಟ್ಟುತ್ತದೆಂದು ನಮ್ಮ ಪಾಠಪುಸ್ತಕ ಹೇಳಿಕೊಟ್ಟಿತ್ತು. ನಮ್ಮ ಕಾಡುಗಳ ಬೆಂಕಿ ಬಹುಪಾಲು ಮನುಷ್ಯನಿಂದಲೇ ಹುಟ್ಟುವುದು. ಬೀಡಿಯ ತುಂಡು, ಅಡುಗೆ ಮಾಡಿ ಆರಿಸದೆ ಬಿಟ್ಟ ಒಲೆ, ಹೊಲದ ಬದುವಿಗೆ ಹಚ್ಚಿದ ಬೆಂಕಿ, ವಿದ್ಯುತ್ ತಂತಿಯ ಕಿಡಿ, ಎಳೆಹುಲ್ಲು ಚಿಗುರಲೆಂದು ಹಚ್ಚುವುದು, ಹುಲಿ ಚಿರತೆಗಳು ಅಡಗುವ ಪೊದೆ ತೊಲಗಲೆಂದು ಹಚ್ಚುವುದು, ಕೆಲವೊಮ್ಮೆ ಕೇವಲ ದ್ವೇಷ. ಬಂಡೀಪುರದ ಪ್ರಕರಣದಲ್ಲಿ ಬಂಧನಗಳೂ ನಡೆದವು. ತಪ್ಪು ಮಾಡಿದವನಿಗೆ ಕಾನೂನಿನಂತೆ ಶಿಕ್ಷೆಯಾಗಲಿ; ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿಡಿ ಬಿದ್ದದ್ದಕ್ಕೂ ಹತ್ತು ಸಾವಿರ ಎಕರೆ ಉರಿದದ್ದಕ್ಕೂ ಕಾರಣ ಒಂದೇ ಅಲ್ಲ. ಕಿಡಿ ಪ್ರತಿ ವರ್ಷವೂ ಬೀಳುತ್ತದೆ. ಕೆಲವು ವರ್ಷ ಅದು ನೂರು ಗಜದಲ್ಲಿ ಸತ್ತುಹೋಗುತ್ತದೆ, ಕೆಲವು ವರ್ಷ ಬೆಟ್ಟಗಳನ್ನು ನುಂಗುತ್ತದೆ. ಆ ಎರಡರ ನಡುವಿನ ವ್ಯತ್ಯಾಸ ಎಲ್ಲಿದೆ?

ಇದಕ್ಕೆ ಉತ್ತರವನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಂದ ಕೇಳಬೇಕು. ಅವರಲ್ಲಿ 'ತರಗು ಬೆಂಕಿ' ಎಂಬ ಪದ್ಧತಿಯಿತ್ತು. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ಸ್ವಲ್ಪ ತೇವವಿರುವಾಗ, ಉದುರಿದ ತರಗೆಲೆಗೆ ಅವರೇ ಸಣ್ಣದಾಗಿ ಬೆಂಕಿ ಕೊಡುತ್ತಿದ್ದರು. ಅದು ಮೊಣಕಾಲೆತ್ತರಕ್ಕೂ ಏಳದೆ, ನೆಲದ ಮೇಲೆ ಹರಿದು ಆರಿಹೋಗುತ್ತಿತ್ತು. ದೊಡ್ಡ ಮರಗಳಿಗೆ ಅಪಾಯವಿಲ್ಲ, ಬೇಸಿಗೆಯ ನಡುವೆ ದೊಡ್ಡ ಬೆಂಕಿಗೆ ಬೇಕಾದ ಉರುವಲೂ ಉಳಿಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರಲ್ಲಿ ಆ ಬೆಟ್ಟ ವನ್ಯಜೀವಿ ಧಾಮವಾಯಿತು, ತರಗು ಬೆಂಕಿ ಅಪರಾಧವಾಯಿತು. ಅನಂತರದ ದಶಕಗಳಲ್ಲಿ ಲಂಟಾನದ ಪೊದೆ ಕಾಡಿನ ತಳವನ್ನೆಲ್ಲ ಆಕ್ರಮಿಸಿತು. ಹೂವಿನ ಅಂದಕ್ಕಾಗಿ ಬ್ರಿಟಿಷರ ಕಾಲದಲ್ಲಿ ಹೊರದೇಶದಿಂದ ತಂದು ನೆಟ್ಟ ಗಿಡ ಅದು. ಆಳೆತ್ತರ ಬೆಳೆದು, ಒಣಗಿದಾಗ ನೆಲದ ಬೆಂಕಿಯನ್ನು ಮರದ ತುದಿಗೆ ಏರಿಸುವ ಏಣಿಯಾಗುತ್ತದೆ. ಬೆಂಕಿಯನ್ನು ಕಡಿಮೆ ಮಾಡಿದ ಕಾರಣದಿಂದಲೇ ಲಂಟಾನ ಹೆಚ್ಚಿತೆಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ಅವರ ಮಾತನ್ನು ಈಗ ಸಂಶೋಧಕರೂ ಗಂಭೀರವಾಗಿ ಪರಿಗಣಿಸುತ್ತಿದ್ದಾರೆ. ಬಂಡೀಪುರದ ತಳದಲ್ಲೂ ಇದೇ ಲಂಟಾನ. ಕಾಡನ್ನು ಬಲ್ಲವನ ಕೈಯಿಂದ ಬೆಂಕಿಯನ್ನು ಕಸಿದುಕೊಂಡದ್ದು ನಾವು, ದೊಡ್ಡ ಬೆಂಕಿ ಬಿದ್ದಾಗ ಮೊದಲು ಅವನತ್ತಲೇ ಬೆರಳು ತೋರಿಸುವವರೂ ನಾವು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರಿಗೆ ಸಮುದಾಯದ ಹಕ್ಕುಗಳು ದೊರೆತವೆಂಬುದೊಂದು ಸಮಾಧಾನದ ಸಂಗತಿ.

ಇನ್ನೊಂದು ಕಾರಣ ಇಲಾಖೆಯ ಕೆಲಸಕ್ಕೆ ಸಂಬಂಧಿಸಿದ್ದು. ಡಿಸೆಂಬರ್, ಜನವರಿಯಲ್ಲಿ ಕಾಡಿನ ದಾರಿಗಳ ಎರಡೂ ಬದಿಯ ಹುಲ್ಲು, ಪೊದೆಗಳನ್ನು ಕಡಿದು, ಒಣಗಿಸಿ, ಕಾವಲಿಟ್ಟು ಸುಟ್ಟು, ಬೋಳು ನೆಲದ ಪಟ್ಟಿಯನ್ನು ಮಾಡಬೇಕು. ಇದಕ್ಕೆ ಬೆಂಕಿ ರೇಖೆ ಎನ್ನುತ್ತಾರೆ. ಒಂದೆಡೆ ಹತ್ತಿದ ಬೆಂಕಿ ಈ ಪಟ್ಟಿಯ ಬಳಿ ಬಂದು ತಿನ್ನಲು ಏನೂ ಇಲ್ಲದೆ ನಿಲ್ಲುತ್ತದೆ. ನಂತರ ಬೇಸಿಗೆಯುದ್ದಕ್ಕೂ ಕಾಯಲು ಬೆಂಕಿ ಕಾವಲುಗಾರರನ್ನು ದಿನಗೂಲಿಯ ಮೇಲೆ ನೇಮಿಸಿಕೊಳ್ಳಬೇಕು. ಹಣ ತಡವಾಗಿ ಬಂದರೆ ರೇಖೆ ತಡವಾಗುತ್ತದೆ. ರೇಖೆ ತಡವಾದರೆ ಹುಲ್ಲು ಪೂರ್ಣ ಒಣಗಿರುತ್ತದೆ, ಆಗ ರೇಖೆ ಸುಡುವುದೇ ಅಪಾಯ. ಕೂಲಿ ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆಂಬ ದೂರು ಕಾವಲುಗಾರರಿಂದ ಪದೇ ಪದೇ ಕೇಳಿಬಂದಿದೆ. ಮನೆಯಲ್ಲಿ ಒಲೆ ಉರಿಯದವನು ಕಾಡಿನ ಉರಿಯನ್ನು ಎಷ್ಟು ದಿನ ಕಾದಾನು?

ಈ ಜನರು ತೆತ್ತ ಬೆಲೆಯನ್ನೂ ಕೇಳಿ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕನೊಬ್ಬ ಬೆಂದು ಸತ್ತ. ಜೊತೆಗಿದ್ದವರು ಸುಟ್ಟಗಾಯಗಳೊಂದಿಗೆ ಉಳಿದರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನ ಕಾಡುಮನೆಯ ಬಳಿ ಮತ್ತೊಬ್ಬ ರಕ್ಷಕ ಹೀಗೆಯೇ ಪ್ರಾಣ ಕಳೆದುಕೊಂಡ. ಗಡಿಯಲ್ಲಿ ಸತ್ತವನಿಗೆ ಊರೂರಲ್ಲಿ ಬ್ಯಾನರ್ ಕಟ್ಟುವ ನಾವು ಇವರ ಹೆಸರನ್ನೂ ಕೇಳಿಸಿಕೊಳ್ಳಲಿಲ್ಲ.

ಈಗ ಪ್ರಯಾಣದ ಮಾತು. ತಾಯಂದಿರು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಗಂಡಸರ ಅವಸರವನ್ನು ತಡೆಯುವ ಶಕ್ತಿ ದಾರಿಯಲ್ಲಿ ನಿಮಗಿದ್ದಷ್ಟು ಇನ್ನಾರಿಗೂ ಇಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರನ್ನು ಕಾಡ್ಗಿಚ್ಚು ಸುತ್ತುವರಿಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಬಹಳಷ್ಟು ಮಂದಿ ಹರೆಯದವರು, ಹೆಣ್ಣುಮಕ್ಕಳು. ಬೆಂಕಿಯ ಸ್ವಭಾವ ತಿಳಿದಿರಬೇಕು: ಅದು ಇಳಿಜಾರಿನಲ್ಲಿ ಕೆಳಕ್ಕಿಂತ ಮೇಲಕ್ಕೆ ಬಹು ವೇಗವಾಗಿ ಏರುತ್ತದೆ. ಬಿಸಿಗಾಳಿ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಸಿದ್ಧಪಡಿಸಿರುತ್ತದೆ. ಹೆದರಿದ ಮನುಷ್ಯನಾದರೋ ಮೇಲಕ್ಕೇ ಓಡಲು ಹವಣಿಸುತ್ತಾನೆ. ಬೋಳು ಬಂಡೆ, ಕಲ್ಲಿನ ಹಳ್ಳ, ಈಗಾಗಲೇ ಸುಟ್ಟು ತಣಿದ ನೆಲ, ಇವೇ ಆಶ್ರಯ.

ರಸ್ತೆಯ ಮೇಲಿನ ಸಾವಿಗೆ ಬೇರೆ ದೇಶಗಳ ಉದಾಹರಣೆಗಳಿವೆ. ಕೆನಡಾದ ಫೋರ್ಟ್ ಮ್ಯಾಕ್‌ಮರೆ ನಗರವನ್ನು 2016ರ ಮೇ ತಿಂಗಳಲ್ಲಿ ಬೆಂಕಿ ಸುತ್ತಿದಾಗ ಎಂಬತ್ತು ಸಾವಿರಕ್ಕೂ ಮಿಕ್ಕಿದ ಜನ ಬಹುತೇಕ ಒಂದೇ ಹೆದ್ದಾರಿಯಲ್ಲಿ ಹೊರಟರು. ಬೆಂಕಿಗೆ ನೇರವಾಗಿ ಯಾರೂ ಬಲಿಯಾಗಲಿಲ್ಲ. ಆದರೆ ಓಡುವ ಭರದಲ್ಲಿ ನಡೆದ ವಾಹನ ಅಪಘಾತದಲ್ಲಿ ಇಬ್ಬರು ಎಳೆಯರು ಸತ್ತರು. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರು ಒಂದು ಹಗಲಿನಲ್ಲಿ ಉರಿಯಿತು. ಬೆಟ್ಟದ ಮೇಲಿನ ಆ ಊರಿಗೆ ಹೊರಹೋಗುವ ರಸ್ತೆಗಳು ಕೆಲವೇ. ಎಲ್ಲರೂ ಒಮ್ಮೆಗೇ ಹೊರಟಾಗ ಅವು ಕಟ್ಟಿಕೊಂಡವು. ಸತ್ತ 85 ಮಂದಿಯಲ್ಲಿ ಕೆಲವರು ತಮ್ಮ ಕಾರುಗಳಲ್ಲೇ ಸಿಕ್ಕಿಬಿದ್ದವರು. ಜಗತ್ತಿನ ಅತ್ಯಂತ ಶ್ರೀಮಂತ ರಾಷ್ಟ್ರದ ಕಥೆ ಇದಾದರೆ, ಬಂಡೀಪುರದ ಎರಡು ಹೆದ್ದಾರಿಗಳನ್ನೂ ನಮ್ಮ ಘಟ್ಟದ ರಸ್ತೆಗಳನ್ನೂ ನೆನೆದುಕೊಳ್ಳಿ.

ಆದ್ದರಿಂದ ಅರಣ್ಯ ಇಲಾಖೆಯವರು ನಿಲ್ಲಿ ಎಂದರೆ ನಿಲ್ಲಿ, ಮುಹೂರ್ತ ತಪ್ಪಿದರೂ ಸರಿ. ಎದುರಿನ ರಸ್ತೆ ಹೊಗೆಯಲ್ಲಿ ಕಾಣದಿದ್ದರೆ ನುಗ್ಗಬೇಡಿ, ಹಿಂದಿರುಗಿ. ಒಳಗೆ ಸಿಲುಕಿದ್ದರೆ ಕಿಟಕಿ ಮುಚ್ಚಿ, ದೀಪ ಹಾಕಿ, ಹೊರಗಿನ ಗಾಳಿ ಎಳೆಯುವ ಗುಂಡಿಯನ್ನು ಬಂದ್ ಮಾಡಿ, ನಿಧಾನವಾಗಿ ಸಾಗಿ. ಓಡಿ ಕಾದ ವಾಹನವನ್ನು ರಸ್ತೆಬದಿಯ ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಸೈಲೆನ್ಸರಿನ ಕಾವಿಗೇ ಹುಲ್ಲು ಹತ್ತಿಕೊಳ್ಳುವುದುಂಟು. ಉಬ್ಬಸದವರಿದ್ದರೆ ಅವರ ಔಷಧಿ ಡಿಕ್ಕಿಯ ಪೆಟ್ಟಿಗೆಯಲ್ಲಿರದೆ ಕೈಚೀಲದಲ್ಲಿರಲಿ. ಒದ್ದೆ ಕರವಸ್ತ್ರ ಬೂದಿಯನ್ನು ತಡೆಯುತ್ತದೆ, ಸೂಕ್ಷ್ಮವಾದ ಹೊಗೆಯನ್ನು ತಡೆಯುವುದಿಲ್ಲ. ಕೊರೋನಾ ಕಾಲದ ಎನ್-95 ಮುಖಗವಸು ಮನೆಯಲ್ಲಿ ಉಳಿದಿದ್ದರೆ ಪ್ರವಾಸದ ಚೀಲದಲ್ಲಿಡಿ. ಇನ್ನು ಕಾಡಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ, ಮೂರು ಕಲ್ಲು ಹೂಡಿ ಬಿರಿಯಾನಿ ಮಾಡುವ ನಮ್ಮ ಪ್ರವಾಸಗಳ ವೈಭವವಿದೆಯಲ್ಲ, ಅದನ್ನು ದಯವಿಟ್ಟು ಮಳೆಗಾಲದ ನಂತರದ ತಿಂಗಳುಗಳಿಗೆ ಮುಂದೂಡಿ. ಬೇಸಿಗೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋದರೆ ರುಚಿ ಕಡಿಮೆಯಾಗುವುದಿಲ್ಲ. (ನಗು)

ಈ ಊರಿನ ಬಗ್ಗೆಯೂ ಹೇಳಬೇಕು. ಮೆಕ್ಕೆಜೋಳದ ಕೊಯ್ಲಾದ ಮೇಲೆ ಹೊಲದ ರವದೆಗೆ, ಬದುವಿನ ಕಸಕ್ಕೆ ಬೆಂಕಿ ಹಚ್ಚಿ ಮನೆಗೆ ಬರುವ ರೂಢಿ ನಮ್ಮ ಸೀಮೆಯಲ್ಲಿದೆ. ಗಾಳಿ ಎದ್ದರೆ ಅದು ಪಕ್ಕದವನ ಮೇವಿನ ಬಣವೆಗೆ ಹೋಗುತ್ತದೆ. ಒಂದು ಬಣವೆ ಸುಟ್ಟರೆ ಒಂದು ಜೋಡಿ ಎತ್ತಿನ ವರ್ಷದ ಮೇವು ಹೋದಂತೆ. ಎಷ್ಟೋ ಮನೆಗಳ ಜಗಳ ಇಲ್ಲಿಂದಲೇ ಆರಂಭವಾಗಿ ಠಾಣೆ ಹತ್ತಿದ್ದುಂಟು. ನಾವು ಬದುವಿಗೆ ಹಚ್ಚಿದರೆ ಅದು ಬೇಸಾಯ, ಕುರಿಗಾಹಿ ಗುಡ್ಡಕ್ಕೆ ಹಚ್ಚಿದರೆ ಅದು ಕಿಡಿಗೇಡಿತನ. ಎರಡೂ ತಪ್ಪೇ. ಆದರೆ ಕುರಿಗಾಹಿಯ ಜೊತೆ ಕುಳಿತು ಮಾತನಾಡಿದವರು ನಮ್ಮಲ್ಲಿ ಎಷ್ಟು ಮಂದಿ? ಬಕ್ರೀದಿಗೆ ಅವನ ಹಟ್ಟಿಯಿಂದಲೇ ಕುರಿ ತರುತ್ತೇವೆ. ಬೆಲೆಯ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಗೋಮಾಳಗಳು ಕರಗಿ ಹೋದ ಮೇಲೆ ಅವನು ಇನ್ನೂರು ಕುರಿಗಳನ್ನು ಎಲ್ಲಿ ಮೇಯಿಸಬೇಕೆಂದು ಯಾವ ಕಚೇರಿಯೂ ಅವನಿಗೆ ಹೇಳಿಲ್ಲ. ಮೇವಿಗೆ ಜಾಗ ತೋರಿಸಿ, ಬೇಸಿಗೆಯ ಮೂರು ತಿಂಗಳು ಬೆಂಕಿ ಕಾವಲಿನ ಕೂಲಿಯನ್ನು ಅವನಿಗೇ ಕೊಟ್ಟರೆ, ಗುಡ್ಡದ ಪ್ರತಿ ಸಂದಿಯನ್ನು ಬಲ್ಲ ಅವನಿಗಿಂತ ಒಳ್ಳೆಯ ಕಾವಲುಗಾರ ಎಲ್ಲಿ ಸಿಕ್ಕಾನು?

ಇಲ್ಲಿಗೆ ನನ್ನ ಮುಖ್ಯ ವಿಷಯಕ್ಕೆ ಬಂದೆ. ಫೆಬ್ರವರಿಯಲ್ಲಿ "ಯಾರು ಹಚ್ಚಿದರು?" ಎಂದು ಕೇಳುವ ನಾವು, ನವೆಂಬರಿನಲ್ಲಿ "ಯಾರು ಕಾಯುತ್ತಾರೆ?" ಎಂದು ಕೇಳಿದ್ದಿಲ್ಲ. ಮೊದಲ ಪ್ರಶ್ನೆಗೆ ಯಾವನಾದರೂ ಬಡವ ಉತ್ತರವಾಗಿ ಸಿಗುತ್ತಾನೆ. ಎರಡನೆಯದಕ್ಕೆ ಕಚೇರಿ ಉತ್ತರಿಸಬೇಕಾಗುತ್ತದೆ. ಕಚೇರಿಗಳನ್ನು ಪ್ರಶ್ನಿಸುವುದೆಂದರೆ ಸಿಬ್ಬಂದಿಯ ಮೇಲೆ ದ್ವೇಷವೆಂದು ತಿಳಿಯಬಾರದು. ಹಸಿಕೊಂಬೆ ಹಿಡಿದು ಉರಿಗೆ ಎದುರಾಗುವ ರಕ್ಷಕನ ಕೈಗೆ ಬೂಟು, ನೀರು, ಉಪಕರಣ, ವಿಮೆ ಸಿಗಬೇಕಾದರೆ ಹೊರಗಿನಿಂದ ಯಾರಾದರೂ ಕೇಳಲೇಬೇಕು.

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿಯನ್ನು ಸಿದ್ಧಪಡಿಸಿ ತಂದಿದ್ದೇನೆ. ನಮ್ಮ ವಿಜಯನಗರ ಜಿಲ್ಲೆಯ ಕರಡಿಧಾಮಕ್ಕೂ ನದಿಯಾಚೆಯ ಕಪ್ಪತಗುಡ್ಡಕ್ಕೂ ಪ್ರತ್ಯೇಕ ಪ್ರತಿಗಳಿವೆ. ಈ ವರ್ಷ ಬೆಂಕಿ ರೇಖೆಗೆ ಮಂಜೂರಾದ ಹಣವೆಷ್ಟು, ಅದು ಬಿಡುಗಡೆಯಾದ ದಿನಾಂಕ ಯಾವುದು, ಎಷ್ಟು ಕಿಲೋಮೀಟರ್ ರೇಖೆ ಯಾವ ತಾರೀಖಿಗೆ ಮುಗಿಯಿತು, ಎಷ್ಟು ಮಂದಿ ಕಾವಲುಗಾರರಿದ್ದಾರೆ, ಅವರ ಕೂಲಿ ಎಲ್ಲಿಯವರೆಗೆ ಪಾವತಿಯಾಗಿದೆ, ಅವರಿಗೆ ವಿಮೆಯಿದೆಯೇ ಎಂಬಿಷ್ಟು ಪ್ರಶ್ನೆಗಳು. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿಗೆ ಅವಕಾಶವಿದೆ, ಅದರ ನಮೂನೆಯೂ ಇದೆ. ಪದವಿ ಓದುತ್ತಿರುವ ಹುಡುಗ ಹುಡುಗಿಯರು ಇದನ್ನು ವಹಿಸಿಕೊಂಡರೆ ನನಗೆ ಸಂತೋಷ. ಹೊಗೆ ಕಂಡಾಗ ಚಿತ್ರ ಹಂಚುವ ಮೊದಲು ಕರೆ ಮಾಡಬೇಕಾದ ಸಂಖ್ಯೆಗಳನ್ನೂ ಅದರ ಹಿಂಬದಿಯಲ್ಲಿ ಬರೆದಿದ್ದೇನೆ: ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತು ಸೇವೆ 112.

ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಮಗ್ರಿಬ್‌ಗೆ ಇನ್ನೂ ಇಪ್ಪತ್ತು ನಿಮಿಷವಿದೆ; ಸಹಿ ಹಾಕುವವರು ಅಷ್ಟರಲ್ಲಿ ಹಾಕಬಹುದು. ಕುರಿ ಸಾಕುವ ಕುಟುಂಬಗಳಿಂದ ನಾಲ್ಕು ಜನ ಹಿರಿಯರು ಈ ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಲ್ಲಿ ಇಬ್ಬರು ಮಾತನಾಡಲು ಒಪ್ಪಿದ್ದಾರೆ. ಅಧ್ಯಕ್ಷರ ಅನುಮತಿಯಿದ್ದರೆ, ನನಗೆ ಉಳಿದಿರುವ ಸಮಯವನ್ನು ಅವರಿಗೆ ಬಿಟ್ಟುಕೊಡುತ್ತಿದ್ದೇನೆ.